ಹೆಜ್ಜೇನಿನ ಕೆಳಗೆ ಬಣ್ಣದ ಪೆಟ್ಟಿಗೆ

ಶನಿವಾರ ಬೆಳಿಗ್ಗೆ ಆರೂವರೆಗೆ ಹೊರಡುವ ಟೆಂಪೋಕ್ಕೆ ನಾವು ಆರಕ್ಕೇ ಶಿರಸಿಯ ಹಳೇ ಬಸ್ ಸ್ಟ್ಯಾಂಡಿನಲ್ಲಿ ಹಾಜರಾಗಿದ್ದೆವು. ಬೇಗ ಹೋಗುವುದು ನನ್ನ ಚಟ. ಗಾಡಿಯ ಟಯರು ನೋಡಬೇಕು, ಚಾಲಕ ರಾತ್ರಿ ನಿದ್ದೆ ಮಾಡಿದ್ದಾನೋ ಇಲ್ಲವೋ ಎಂದು ಅವನ ಕಣ್ಣು ನೋಡಬೇಕು. ನನ್ನ ಹೆಂಡತಿ ಸುಮನಾ ಬಣ್ಣದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟು ಹಿಡಿದಿದ್ದಳು. "ಟಯರು ನೋಡಿ ಆತ? ಇನ್ನು ಹತ್ತಿ" ಎಂದಳು. ಹತ್ತಿದೆ.

ನಮ್ಮೂರಿನಲ್ಲಿ ಚಿತ್ರ ಬರೆಯುವವರ ಒಂದು ಬಳಗವಿದೆ. ಮಳೆಗಾಲವೆಲ್ಲ ಯಾರದಾದರೂ ಮನೆಯ ಜಗಲಿಯಲ್ಲಿ ಕೂತು ಹೂದಾನಿ, ತಂಬಿಗೆ ಬರೆಯುವ ಇವರು ಬೇಸಿಗೆ ಬಂತೆಂದರೆ ಹೊರಗೆ ಬೀಳುತ್ತಾರೆ. ಈ ಸಲ ಶನಿವಾರ ಸಿದ್ದಾಪುರ ಪೇಟೆ, ರಾತ್ರಿ ಯಲ್ಲಾಪುರದಲ್ಲಿ ವಸತಿ, ಭಾನುವಾರ ಮಾಗೋಡು ಜಲಪಾತ ಎಂದು ನಿಶ್ಚಯವಾಗಿತ್ತು. ಬಳಗದ ಹಿರಿಯರು ಗಜಾನನ ಮಾಸ್ತರರು, ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಇವರ ಬಲಗೈ ಈರಣ್ಣ. ಹಾವೇರಿ ಕಡೆಯವರು, ಶಿರಸಿಗೆ ಬಂದು ಬಟ್ಟೆ ಅಂಗಡಿ ಇಟ್ಟು ಇಪ್ಪತ್ತು ವರ್ಷವಾದರೂ ಮಾತು ಮಾತ್ರ ಇನ್ನೂ ಆ ಕಡೆಯದೇ. ನಾನು ಚಿತ್ರ ಬರೆಯುವವನಲ್ಲ. ಕೋರ್ಟಿನ ಹತ್ತಿರ ಝೆರಾಕ್ಸ್ ಅಂಗಡಿ ನನ್ನದು. ಬಳಗದಲ್ಲಿ ನನ್ನ ಕೆಲಸ ಸೂಜಿ ಹೊರುವುದು.

ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೂರು ವರ್ಷದ ಹಿಂದೆ ಹಿತ್ತಲಲ್ಲಿ ಮಲ್ಲಿಗೆ ಕೊಯ್ಯುವಾಗ ಸುಮನಾಗೆ ಒಂದೇ ಒಂದು ಜೇನುಹುಳ ಕಚ್ಚಿತು. ನೋಡನೋಡುತ್ತಿದ್ದಂತೆ ತುಟಿ ಊದಿ, ಮೈಯೆಲ್ಲ ದದ್ದು ಎದ್ದು, ಉಸಿರು ಶಿಳ್ಳೆ ಹೊಡೆದಂತೆ ಬರತೊಡಗಿತು. ಆಸ್ಪತ್ರೆ ಹತ್ತಿರವಿತ್ತು, ಉಳಿದುಕೊಂಡಳು. ಅಂದು ಡಾಕ್ಟರು ನನ್ನನ್ನು ಹೊರಗೆ ಕರೆದು, "ಇನ್ನೊಮ್ಮೆ ಕಚ್ಚಿದರೆ ಇಲ್ಲಿವರೆಗೆ ಬರುವಷ್ಟು ಪುರಸೊತ್ತು ಸಿಗದೇ ಇರಬಹುದು" ಎಂದರು. ಔಷಧಿ ತುಂಬಿದ ಎರಡು ಪುಟ್ಟ ಗಾಜಿನ ಸೀಸೆ, ಸೂಜಿ ಕೊಟ್ಟು, ತೊಡೆಯ ಹೊರಬದಿಗೆ ಹೇಗೆ ಚುಚ್ಚಬೇಕು ಎಂದು ಕಲಿಸಿದರು. ನಾನೋ, ರಕ್ತ ಪರೀಕ್ಷೆಗೆ ಬೆರಳು ಕೊಡುವಾಗಲೂ ಗೋಡೆ ಕಡೆ ಮುಖ ಮಾಡುವವನು. ಮನೆಯಲ್ಲಿ ಮೂಸಂಬಿಗೆ ನೀರು ಚುಚ್ಚಿ ಚುಚ್ಚಿ ಅಭ್ಯಾಸ ಮಾಡಿದೆ. ಮೂಸಂಬಿಗೆ ಉಸಿರು ಕಟ್ಟುವುದಿಲ್ಲ ಎನ್ನುವುದು ನನಗೂ ಗೊತ್ತಿತ್ತು.

ಆಮೇಲೆ ಒಂದು ವರ್ಷ ಸುಮನಾ ಹಿತ್ತಲಿಗೂ ಇಳಿಯಲಿಲ್ಲ. ಬಟ್ಟೆಯನ್ನು ಕೋಣೆಯೊಳಗೇ ಒಣಗಿಸಿದಳು. ಮಾತು ಕಡಿಮೆಯಾಯಿತು, ಊಟ ಕಡಿಮೆಯಾಯಿತು. ಮಾಸ್ತರರು ಹಳೆಯ ಶಿಷ್ಯೆಯನ್ನು ನೆನೆಸಿಕೊಂಡು ಬಂದು ಒತ್ತಾಯ ಮಾಡಿ ಬಳಗಕ್ಕೆ ಕರೆದೊಯ್ದರು. ಮೊದಲ ದಿನ ಕೆರೆಯ ದಂಡೆಯಲ್ಲಿ ಕೂತು ಬರೆದು ಬಂದವಳು ರಾತ್ರಿ ಎರಡು ಸಲ ಅನ್ನ ಬಡಿಸಿಕೊಂಡಳು. ಕಳಿಸಿದರೆ ಜೀವಕ್ಕೆ ಅಪಾಯ, ಕಳಿಸದಿದ್ದರೆ ಇದ್ದೂ ಇಲ್ಲದ ಹಾಗೆ ಬಾಡುತ್ತಾಳೆ. ಈ ಎರಡರ ಮಧ್ಯೆ ನಾನು ಸೂಜಿಯ ಡಬ್ಬಿ ಹಿಡಿದು ಎರಡು ಬೇಸಿಗೆ ಕಳೆದಿದ್ದೆ. ಇದೇ ಕಡೆಯ ಸಲ, ಇನ್ನು ಕಡ್ಡಿ ಮುರಿದಂತೆ ಬೇಡ ಎಂದುಬಿಡುವುದು ಎಂದು ಈ ಸಲ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡು ಹೊರಟಿದ್ದೆ. ಅವಳಿಗೆ ಹೇಳಿರಲಿಲ್ಲ.

ಸಿದ್ದಾಪುರಕ್ಕೆ ಒಂದು ಗಂಟೆಯ ದಾರಿ. ಎಂಟಕ್ಕೆಲ್ಲ ಪೇಟೆ ತಲುಪಿ, ಬನ್ಸು ತಿಂದು, ಚಹಾ ಕುಡಿದು, ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿದರು. ಮಾಸ್ತರರ ಕಟ್ಟುನಿಟ್ಟು ಎಂದರೆ, ಬರೆಯುವ ಹೊತ್ತಿನಲ್ಲಿ ಮಾತಿಲ್ಲ, ಒಬ್ಬರ ಹತ್ತಿರ ಇನ್ನೊಬ್ಬರು ಕೂರುವಂತಿಲ್ಲ. ನಾನು ಎಂದಿನಂತೆ ಮೊದಲು ಮಾಡು, ಸೂರಿನ ಸಂದಿ, ವಿದ್ಯುತ್ ಕಂಬ ಎಲ್ಲ ನೋಡಿ ಬಂದೆ. ಎಲ್ಲೂ ಗೂಡಿರಲಿಲ್ಲ. ಸಮಾಧಾನದಿಂದ ತಿರುಗಿ ನೋಡಿದರೆ ಸುಮನಾ ಹೋಗಿ ಕೂತದ್ದು ಹಲಸಿನ ಹಣ್ಣು ಮಾರುವವಳ ಎದುರಿಗೆ!

ಸೀಳಿಟ್ಟ ಹಲಸಿನ ಹಣ್ಣು. ಅದರ ಪರಿಮಳ ಇಡೀ ಓಣಿಗೆ ಹಬ್ಬಿತ್ತು. ಹಣ್ಣಿನ ಮೇಲೆ ಕಪ್ಪಗೆ ಏನೋ ಹಾರಾಡುತ್ತಿತ್ತು. ಹತ್ತಿರ ಹೋಗಿ ನೋಡಿದೆ, ನೊಣ. ಆದರೆ ನೊಣ ಬಂದಲ್ಲಿಗೆ ಜೇನು ಬರುವುದಿಲ್ಲ ಎಂದು ಯಾರು ಹೇಳಿದರು? ಪೇಪರು ಕೊಂಡು ತಂದು, ಹಣ್ಣಿಗೂ ಹೆಂಡತಿಗೂ ಮಧ್ಯೆ ನಿಂತು ಬೀಸತೊಡಗಿದೆ.

ಹಣ್ಣಿನವಳಿಗೆ ಖುಷಿಯೋ ಖುಷಿ. "ಎಂತ ಮಾರಾಯ್ರೆ, ನೊಣ ಓಡ್ಸೂಕೆ ಶಿರಸಿಯಿಂದ ಬಂದ್ರ? ದಿನಾ ಬನ್ನಿ, ಎರಡು ತೊಳೆ ಕೊಡ್ತೆ" ಎಂದಳು.

"ನಿಂಗ ಮುಂದೆ ನಿಂತ್ಕಂಡ್ರೆ ಯಂಗೆ ಎಂತ ಕಾಣ್ತು?" ಎಂದು ಸುಮನಾ ಪಿಸುದನಿಯಲ್ಲಿ ಬೈದಳು. ನಾನು ಅರ್ಧ ಹೆಜ್ಜೆ ಸರಿದೆ, ಅಷ್ಟೇ. ಹತ್ತೂವರೆಗೆ ಎಲ್ಲರೂ ಚಿತ್ರ ತಂದು ಸಾಲಾಗಿ ಇಟ್ಟಾಗ ಅವಳ ಹಾಳೆಯಲ್ಲಿ ಹಲಸಿನ ಹಣ್ಣಿತ್ತು, ಹಣ್ಣಿನವಳಿದ್ದಳು, ಪೇಪರು ಬೀಸುತ್ತಿರುವ ಒಬ್ಬ ಹೆದರುಪುಕ್ಕಲನೂ ಇದ್ದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ, ಇನ್ನೊಂದು ದಿನ ಕಳೆದರೆ ಸಾಕು ದೇವರೇ ಎನ್ನುತ್ತಿದ್ದೆ.

ಮಧ್ಯಾಹ್ನ ಊಟ ಮುಗಿಸಿ ಬಂದ ದಾರಿಯಲ್ಲೇ ಶಿರಸಿಗೆ ಬಂದು, ಅಲ್ಲಿಂದ ಯಲ್ಲಾಪುರದ ರಸ್ತೆ ಹಿಡಿದೆವು. ಶಿರಸಿ ದಾಟುವಾಗ ಇಳಿದು ಮನೆಗೆ ಹೋಗಿಬಿಡೋಣವೇ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಮಂಚಿಕೇರಿ ದಾಟುವಷ್ಟರಲ್ಲಿ ಗುಡುಗಿ ಒಂದು ದೊಡ್ಡ ಮಳೆ ಹೊಡೆಯಿತು. ಮೇ ತಿಂಗಳಲ್ಲಿ ಇದು ಸಾಮಾನ್ಯ. ಯಲ್ಲಾಪುರದ ವಸತಿಗೃಹದಲ್ಲಿ ಕೋಣೆ ಚೊಕ್ಕವಾಗಿತ್ತು, ಊಟಕ್ಕೆ ಮಾವಿನಕಾಯಿಯ ಅಪ್ಪೆಹುಳಿ ಇತ್ತು. ಮಳೆ ಬಿದ್ದದ್ದು ನನಗೆ ಒಳ್ಳೆಯದೇ ಎನಿಸಿತು. ಒದ್ದೆಯಲ್ಲಿ ಹುಳ ಹೊರಗೆ ಬರಲಿಕ್ಕಿಲ್ಲ ಎಂದು ನನ್ನಷ್ಟಕ್ಕೆ ಲೆಕ್ಕ ಹಾಕಿ ಮಲಗಿದೆ. ಆ ಮಳೆಯೇ ನಮಗೆ ಮುಳುವಾಗುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಭಾನುವಾರ ಬೆಳಿಗ್ಗೆ ಮಾಗೋಡು. ಯಲ್ಲಾಪುರದಿಂದ ಹದಿನೇಳು ಹದಿನೆಂಟು ಕಿಲೋಮೀಟರು, ಕೊನೆಯ ಭಾಗ ಕಾಡಿನ ಕಿರುದಾರಿ, ಮೊಬೈಲಿಗೆ ಸಿಗ್ನಲ್ ಇಲ್ಲ. ಬೇಸಿಗೆಯಾದ್ದರಿಂದ ಬೇಡ್ತಿ ನದಿ ಬಡವಾಗಿತ್ತು. ಆದರೂ ಆ ಕಣಿವೆಯ ಆಳಕ್ಕೆ ಇಣುಕಿದರೆ ಅಂಗಾಲು ಜುಂ ಎನ್ನುತ್ತದೆ. ಬಳಗದವರು ಜಲಪಾತ ಕಾಣುವ ಕಟ್ಟೆಯ ಹತ್ತಿರ ಜನಜಂಗುಳಿ ಎಂದು, ಸ್ವಲ್ಪ ಹಿಂದೆ ಸರಿದು ಒಂದು ಬಯಲು ಹುಡುಕಿದರು. ನಾನು ಕತ್ತೆತ್ತಿ ಮರ ನೋಡುತ್ತ ಬಂದೆ. ಬಯಲಿನ ಆಚೆ ತುದಿಯಲ್ಲಿ ಎತ್ತರದ ತಾರೆ ಮರ. ಅದರ ಕೊಂಬೆಯ ಅಡಿಯಲ್ಲಿ ಮೊರದಗಲದ ಕಪ್ಪು ತಟ್ಟು ನೇತಾಡುತ್ತಿತ್ತು. ಹೆಜ್ಜೇನು!

ಮಾಸ್ತರರ ಹತ್ತಿರ ಓಡಿದೆ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿ, "ಇದ್ದು, ಹೌದು. ನಾವು ಅದರ ತಂಟೆಗೆ ಹೋಗದಿದ್ರೆ ಅದು ನಮ್ಮ ತಂಟೆಗೆ ಬರ್ತಿಲ್ಲೆ. ಸುಮನಾ ಈಚೆ ತುದಿಗೆ ಕೂರಲಿ, ಟೆಂಪೋ ಬುಡದಲ್ಲಿ" ಎಂದರು.

"ಬೇರೆ ಕಡೆ ಹೋಪನ, ಸುಮಾ" ಎಂದೆ.

"ಮಾಗೋಡಲ್ಲಿ ಹೆಜ್ಜೇನು ಇಲ್ದೇ ಇಪ್ಪ ಜಾಗ ತೋರ್ಸಿ, ಹೋಪನ" ಎಂದಳು ಅವಳು. ಟೆಂಪೋದ ಪಕ್ಕದಲ್ಲೇ ಅವಳ ಮಡಚು ಕುರ್ಚಿ ಹಾಕಿಸಿ, ಗಾಡಿಯ ಬಾಗಿಲು ತೆರೆದಿಟ್ಟು, ಮಳೆ ಬಂದರೆ ಹಾಳೆ ಮುಚ್ಚಲು ತಂದ ತಾಡಪಾಲನ್ನು ಕಾಲ ಬುಡದಲ್ಲಿಟ್ಟುಕೊಂಡು, ಡಬ್ಬಿಯನ್ನು ಅಂಗಿಯ ಜೇಬಿಗೆ ಸೇರಿಸಿ ಕೂತೆ. ಅವಳು ಕಣಿವೆಯ ಆಚೆಯ ಗುಡ್ಡ ಬರೆಯತೊಡಗಿದಳು. ನಾನು ತಾರೆ ಮರ ಬಿಟ್ಟು ಕಣ್ಣು ತೆಗೆಯಲಿಲ್ಲ.

ಆಗ ಶುರುವಾದದ್ದು ಹಾಳೆ ಒಣಗದ ತಾಪತ್ರಯ. ನೀರುಬಣ್ಣದಲ್ಲಿ ಒಂದು ಪದರ ಒಣಗದೆ ಇನ್ನೊಂದು ಹಚ್ಚಿದರೆ ಎಲ್ಲ ಕಲಸಿ ರಾಡಿಯಾಗುತ್ತದೆ. ನಿನ್ನೆಯ ಮಳೆಯಿಂದ ನೆಲವೆಲ್ಲ ಹಸಿ, ಗಾಳಿಯಲ್ಲಿ ಪಸೆ. ಅರ್ಧ ಗಂಟೆ ಕಾದರೂ ಆಕಾಶದ ನೀಲಿ ಒಣಗಲಿಲ್ಲ. ಇದಕ್ಕೆ ನಮ್ಮ ಬಳಗದವರದೇ ಒಂದು ಉಪಾಯವಿದೆ. ತೂತು ಕೊರೆದ ಹಳೆಯ ಹಾಲಿನ ಪುಡಿಯ ಡಬ್ಬಿ. ಅದರಲ್ಲಿ ಇದ್ದಿಲಿನ ಕೆಂಡ ಮಾಡಿ, ಹಾಳೆಯನ್ನು ಮೇಲೆ ಹಿಡಿದು ಹಪ್ಪಳದಂತೆ ಆಚೀಚೆ ತಿರುಗಿಸುತ್ತಾರೆ. ಮಳೆಗಾಲದಲ್ಲಿ ಜಗಲಿಯ ಮೇಲೆ ದಿನವೂ ನಡೆಯುವ ಕೆಲಸ. ಡಬ್ಬಿಯ ಯಜಮಾನ ಈರಣ್ಣ. ಕಾಡಿನಲ್ಲಿ ಬೇಸಿಗೆಯಲ್ಲಿ ಬೆಂಕಿ ಮಾಡಬಾರದು ಎಂದು ಅವರಿಗೆ ಗೊತ್ತಿಲ್ಲದ್ದೇನಲ್ಲ. "ಇದು ಬೆಂಕಿ ಅಲ್ರಿ, ಕೆಂಡ. ಹೊಗಿ ಬರೂದಿಲ್ಲ" ಎಂದು ಹಿಂದೆ ಎಷ್ಟೋ ಸಲ ಹೇಳಿದ್ದರು.

ಆ ದಿನ ಅವರು ಕೂತದ್ದು ಬಯಲಿನ ಆಚೆ ತುದಿಗೆ. ಬಗ್ಗಿ ಏನೋ ಮಾಡುತ್ತಿದ್ದದ್ದು ಕಂಡಿತು, ಏನೆಂದು ತಿಳಿಯಲಿಲ್ಲ. ಇದ್ದಿಲಿಗೂ ರಾತ್ರಿಯ ಪಸೆ ತಾಗಿತ್ತು. ಹೊತ್ತಲಿಲ್ಲವೆಂದು ಒಂದು ಹಿಡಿ ತೆಂಗಿನ ಗುಂಜು ಹಾಕಿ ಊದಿದರಂತೆ. ಬಿಳಿ ಹೊಗೆ ದಪ್ಪಗೆ ಎದ್ದು, ತಿರುಗಿ, ನೆಟ್ಟಗೆ ತಾರೆ ಮರದ ಕೊಂಬೆಗೆ ಹೋಗುವುದನ್ನು ನಾನು ಕಣ್ಣಾರೆ ಕಂಡೆ. ಕೂಗಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಆ ಕಪ್ಪು ತಟ್ಟು ಒಮ್ಮೆ ಜುಮ್ಮೆಂದು ಅಲುಗಿ, ಕೆಳಗಿನಿಂದ ಚೂರುಚೂರಾಗಿ ಕಳಚತೊಡಗಿತು.

"ಕೈ ಬೀಸಬೇಡಿ! ಮುಖ ಮುಚ್ಕಂಡು ಗಾಡಿಗೆ ಓಡಿ!" ಎಂದು ಮಾಸ್ತರರು ಕಿರುಚಿದರು. ಕುರ್ಚಿ, ಹಲಗೆ, ನೀರಿನ ಲೋಟ ಎಲ್ಲ ಚೆಲ್ಲಾಪಿಲ್ಲಿ. ನಾನು ತಾಡಪಾಲನ್ನು ಸುಮನಾಳ ತಲೆಯ ಮೇಲಿಂದ ಎಳೆದು, ಅವಳನ್ನು ಮೂಟೆಯ ಹಾಗೆ ತಬ್ಬಿ ಗಾಡಿಯೊಳಗೆ ತಳ್ಳಿದೆ. ಉಳಿದವರೂ ನುಗ್ಗಿದರು. ಬಾಗಿಲು ಎಳೆದುಕೊಂಡೆವು. ಒಳಗೆ ಬಂದ ಹತ್ತಾರು ಹುಳಗಳನ್ನು ಚಪ್ಪಲಿಯಿಂದ, ಟವೆಲಿನಿಂದ ಬಡಿದರು. ಬಚಾವಾದೆವು ಅಂದುಕೊಂಡೆ. ತಾಡಪಾಲು ಸರಿಸಿದರೆ ಸುಮನಾ ಕುತ್ತಿಗೆ ಹಿಡಿದುಕೊಂಡಿದ್ದಳು.

"ಇಲ್ಲಿ ಕಚ್ಚಿತು" ಎಂದಳು. "ಎರಡು."

ಟೆಂಪೋ ಹೊರಟಿತು. ಅವಳ ತುಟಿ ಆಗಲೇ ದಪ್ಪವಾಗುತ್ತಿತ್ತು. ಕುತ್ತಿಗೆಯಿಂದ ಕೆಂಪು ದದ್ದು ತೋಳಿಗೆ ಇಳಿಯಿತು. ಆಮೇಲೆ ಆ ಶಿಳ್ಳೆ. ಮೂರು ವರ್ಷದಿಂದ ನಾನು ಯಾವ ಶಬ್ದಕ್ಕೆ ಹೆದರಿದ್ದೆನೋ ಅದೇ ಶಿಳ್ಳೆ ಅವಳ ಗಂಟಲಿನಿಂದ ಬಂತು. "ಗಾಡಿ ನಿಲ್ಸಿ!" ಎಂದು ಕೂಗಿದೆ. ಕುಲುಕುವ ಗಾಡಿಯಲ್ಲಿ ಚುಚ್ಚುವುದು ಹೇಗೆ? ಚಾಲಕ ತಿರುವು ದಾಟಿ ನಿಲ್ಲಿಸಿದ. ಅವಳನ್ನು ಸೀಟುಗಳ ನಡುವೆ ಮಲಗಿಸಿದೆವು. ಮಾಸ್ತರರು ಅವಳ ಕಾಲುಗಳನ್ನು ಎತ್ತಿ ಹಿಡಿದರು.

ಸೀಸೆಯ ಕತ್ತು ಮುರಿಯಬೇಕು. ಮನೆಯಲ್ಲಿ ಅವಧಿ ಮುಗಿದ ಸೀಸೆಗಳನ್ನು ಕೊಂಚವೂ ತಡವರಿಸದೆ ಮುರಿಯುತ್ತಿದ್ದೆ. ಅಲ್ಲಿ ಒತ್ತಿದ ರಭಸಕ್ಕೆ ಇಡೀ ಸೀಸೆ ಅಂಗೈಯಲ್ಲಿ ಪುಡಿಯಾಯಿತು. ಔಷಧಿಯೂ ಹೋಯಿತು, ಕೈಯೂ ಕೊಯ್ಯಿತು. ಸುಮನಾಳ ಕಣ್ಣು ನನ್ನ ಮೇಲೇ ಇತ್ತು. ಉಗುರು ನೀಲಿಯಾಗುತ್ತಿತ್ತು. ಇನ್ನೊಂದೇ ಸೀಸೆ. ಅಷ್ಟು ಹೆದರಿಕೆ ನನಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ. ಎದ್ದು ಬಾಗಿಲು ತೆರೆದು ಕಾಡಿಗೆ ಓಡಿಬಿಡಬೇಕು ಎನಿಸಿತು, ಇದು ಸುಳ್ಳಲ್ಲ. ಕರವಸ್ತ್ರ ಸುತ್ತಿ ಎರಡನೆಯ ಸೀಸೆಯ ಕತ್ತು ಹಿಡಿದೆ. ಟಕ್ ಎಂದು ಮುರಿಯಿತು. ಔಷಧಿ ಎಳೆದೆ. ಚೂಡಿದಾರದ ಮೇಲಿಂದಲೇ ತೊಡೆಗೆ ಚುಚ್ಚಿ ಪೂರ್ತಿ ಒತ್ತಿದೆ.

ಗಾಡಿ ಮತ್ತೆ ಓಡಿತು. ಅವಳ ತಲೆ ನನ್ನ ಮಡಿಲಲ್ಲಿ. ಏನಾದರೂ ಹೇಳುತ್ತಿರು ಎಂದು ಮಾಸ್ತರರು ಹೇಳಿದರು. ಏನು ಹೇಳುವುದೆಂದು ತಿಳಿಯದೆ, "ಉಸಿರು ತಗ, ಸುಮಾ, ಉಸಿರು ತಗ" ಎಂದು ಅದನ್ನೇ ಕೂಗುತ್ತಿದ್ದೆ. ಡಾಂಬರು ರಸ್ತೆ ಸಿಗುವ ಹೊತ್ತಿಗೆ ಶಿಳ್ಳೆ ಸ್ವಲ್ಪ ಸಡಿಲವಾಯಿತು. ಯಲ್ಲಾಪುರ ಪೇಟೆ ಕಾಣುವಾಗ ಅವಳು ಸುಮ್ಮನಿರಿ ಎನ್ನುವಂತೆ ನನ್ನ ಅಂಗಿ ಜಗ್ಗಿ, "ಕೂಗಡಿ, ಕೇಳ್ತು" ಎಂದಳು. ನಾನು ಹೋ ಎಂದು ಅತ್ತೆ.

ಆಸ್ಪತ್ರೆಯಲ್ಲಿ ಇದ್ದದ್ದು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಆಕ್ಸಿಜನ್ ಹಾಕಿ, ಸಲೈನ್ ಏರಿಸಿ, ಎಲ್ಲ ಒಂದು ಹಂತಕ್ಕೆ ಬಂದಮೇಲೆ ಹೊರಗೆ ಬಂದು, "ಇಂಜೆಕ್ಷನ್ ಕೊಟ್ಟದ್ದು ಯಾರು?" ಎಂದರು.

"ನಾನು."

"ಎಲ್ಲಿ ಕಲಿತ್ರಿ?"

"ಮೂಸಂಬಿ ಮೇಲೆ" ಎಂದೆ. ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಅದು ಇಲ್ದಿದ್ರೆ ಕಷ್ಟ ಇತ್ತು. ಕೆಲವರಿಗೆ ತಾಸುಗಟ್ಟಲೆ ಬಿಟ್ಟು ಅಲರ್ಜಿ ಮತ್ತೆ ಏರ್ತದೆ. ಇವತ್ತು ಇಲ್ಲೇ ಇರಲಿ, ನಾಳೆ ಬಿಡೋಣ" ಎಂದರು. ನನ್ನ ಬೆನ್ನಿನಿಂದಲೂ ಹಲವು ಮುಳ್ಳು ತೆಗೆದರು. ನನಗೆ ಕಚ್ಚಿದೆ ಎಂದು ಗೊತ್ತಾದದ್ದೇ ಆಗ.

ಈರಣ್ಣ ವರಾಂಡದ ಮೂಲೆಯಲ್ಲಿ ನಿಂತಿದ್ದರು. ಅವರ ಮುಖವೂ ಊದಿ ಒಂದು ಕಣ್ಣು ಮುಚ್ಚಿಹೋಗಿತ್ತು. "ನನ್ನ ಕೈಲೆ ಆತ್ರಿ ಅಣ್ಣಾರ. ಗುಂಜು ಹಾಕಬಾರದಿತ್ತು. ತಂಗೀಗೆ ಏನರ ಆಗಿದ್ರ ನಾ ಹ್ಯಾಂಗ ಬದುಕ್ಲಿ?" ಎಂದು ಕೈಮುಗಿದರು. ನನಗೆ ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ಆ ಮುಖ ನೋಡಿ ಬೈಯಲು ಮನಸ್ಸಾಗಲಿಲ್ಲ. ಉಳಿದವರೆಲ್ಲ ಸಂಜೆ ಟೆಂಪೋದಲ್ಲಿ ಶಿರಸಿಗೆ ಹೋದರು.

ಸೋಮವಾರ ಹನ್ನೊಂದಕ್ಕೆ ಬಿಡುಗಡೆಯಾಯಿತು. ನಾನು ಔಷಧಿ ಅಂಗಡಿಗೆ ಹೋಗಿ, ಡಾಕ್ಟರಮ್ಮನ ಚೀಟಿ ತೋರಿಸಿ ಹೊಸ ಸೀಸೆಗಳನ್ನು ತಂದೆ. ಅಷ್ಟರಲ್ಲಿ, ಕಣ್ಣಿನ ಊತ ಇಳಿದಿದ್ದ ಈರಣ್ಣ ಶಿರಸಿಯಿಂದ ತಮ್ಮ ಹಳೆಯ ಮಾರುತಿ ತಂದು ಬಾಗಿಲಿಗೆ ನಿಲ್ಲಿಸಿದ್ದರು. ಸುಮನಾ ಹಿಂದೆ ಕೂತಳು, ನಾನು ಪಕ್ಕದಲ್ಲಿ ಕೂತೆ. ನಾಲ್ಕೂ ಗಾಜು ಏರಿಸಿ ಬಿಗಿ ಮಾಡಿದ್ದರು. ಕಾರಿನಲ್ಲಿ ಎಸಿ ಇರಲಿಲ್ಲ. ಕುಕ್ಕರಿನಲ್ಲಿ ಕೂತ ಹಾಗಾಗುತ್ತಿತ್ತು, ಆದರೂ ಯಾರೂ ಇಳಿಸಿ ಎನ್ನಲಿಲ್ಲ.

ಒಂದಷ್ಟು ದೂರ ಬಂದಮೇಲೆ ಸುಮನಾ ತಾನಾಗಿ ಬಾಯಿ ಬಿಟ್ಟಳು. "ಆನು ಇನ್ನು ಚಿತ್ರಕ್ಕೆ ಬತ್ನಿಲ್ಲೆ. ಸಾಕಾತು. ಮನೆಲೇ ಇರ್ತೆ."

ನಾನು ಹೇಳಬೇಕೆಂದಿದ್ದ ಮಾತನ್ನೇ ಅವಳು ಹೇಳಿದ್ದಳು. ದೊಡ್ಡ ಭಾರ ಇಳಿಯಬೇಕಿತ್ತು. ಇಳಿಯಲಿಲ್ಲ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವಿರಲಿಲ್ಲ, ಏನೂ ಇರಲಿಲ್ಲ. ಮಲ್ಲಿಗೆ ಕೊಯ್ದ ದಿನದ ಮಾರನೆಯ ದಿನವೂ ಹೀಗೇ ಮಾತಾಡಿದ್ದಳು. ಕೋಣೆಯೊಳಗೆ ಹಗ್ಗ ಕಟ್ಟಿ ಬಟ್ಟೆ ಒಣಗಿಸಿದ ಆ ವರ್ಷವೆಲ್ಲ ನನ್ನ ಕಣ್ಣ ಮುಂದೆ ಬಂತು. ಹೆಜ್ಜೇನು ಬಿಟ್ಟರೆ ನಾನು ಅಷ್ಟು ಹೆದರಿದ್ದು ಆ ವರ್ಷಕ್ಕೇ. ಇನ್ನೊಂದು ಸಲ ಅದನ್ನು ನೋಡುವುದು ನನ್ನಿಂದ ಆಗುವ ಮಾತಾಗಿರಲಿಲ್ಲ.

ಬೇಡ್ತಿ ಸೇತುವೆ ಬಂತು. "ಈರಣ್ಣ, ಸೇತುವೆ ದಾಟಿ ಬದಿಗೆ ನಿಲ್ಸಿ" ಎಂದೆ.

"ಇಲ್ಲೇನ್ರಿ?" ಈರಣ್ಣನ ಮುಖ ಬಿಳುಚಿಕೊಂಡಿತು. "ಬ್ಯಾಡ್ರಿ ಅಣ್ಣಾರ, ಸೀದಾ ಮನಿಗೆ ಹೋಗೂಣು."

"ನಿಲ್ಸಿ" ಎಂದೆ. ನಿಲ್ಲಿಸಿದರು. ನಾನು ಇಳಿದು ಬಾಗಿಲು ಹಾಕಿ, ಸುತ್ತ ಹತ್ತು ಮಾರು ತಿರುಗಿ ಮರಗಳನ್ನೆಲ್ಲ ನೋಡಿದೆ. ಸೇತುವೆಯ ಕಮಾನಿನ ಅಡಿಗೂ ಬಗ್ಗಿ ನೋಡಿದೆ. ಒಳಗೆ ಬಂದು ಚೀಲದಿಂದ ಅವಳ ಸಣ್ಣ ಪುಸ್ತಕ, ಪೆನ್ಸಿಲ್ ತೆಗೆದು ಅವಳ ಮಡಿಲಲ್ಲಿ ಇಟ್ಟೆ.

"ಎಂತ ಇದು?"

"ಇಳಿಯದು ಬ್ಯಾಡ. ಇಲ್ಲೇ ಕೂತ್ಕಂಡು ಎಂತಾದ್ರೂ ಬರೆ. ಆ ಬಂಡೆ ಬರೆ."

"ಆನು ಬತ್ನಿಲ್ಲೆ ಹೇಳಿದ್ನಲೀ."

"ಚಿತ್ರಕ್ಕೆ ಹೊರಗೆ ಬಪ್ಪದು ಬ್ಯಾಡ. ಈಗ ಬರೆ."

ಬಹಳ ಹೊತ್ತು ಅವಳು ಪುಸ್ತಕ ತೆರೆಯಲಿಲ್ಲ. ಗಾಜಿನ ಹೊರಗೆ ಒಂದು ಬಿಳಿ ಪಾತರಗಿತ್ತಿ ಹಾರಿದ್ದಕ್ಕೂ ಬೆಚ್ಚಿ ನನ್ನ ಕಡೆ ಸರಿದಳು. ಆಮೇಲೆ ಪುಸ್ತಕ ತೆರೆದು ಒಂದು ಗೆರೆ ಎಳೆದಳು. ಗೆರೆ ಸೊಟ್ಟಗಾಯಿತು. ಇನ್ನೊಂದು ಎಳೆದಳು. ಮುಂದೆ ಕೂತ ಈರಣ್ಣ ಮಿಸುಕಾಡದೆ ಸ್ಟೇರಿಂಗ್ ಹಿಡಿದಿದ್ದರು. ಸೆಕೆಗೆ ನಮ್ಮ ಮೂವರ ಉಸಿರೂ ಸೇರಿ ಗಾಜು ಮಂಜಾಯಿತು. ಅವಳು ಅಂಗೈಯಲ್ಲಿ ಉಜ್ಜಿ ನೋಡಿದಳು.

"ಸಮಾ ಕಾಣ್ತಿಲ್ಲೆ" ಎಂದಳು.

ಅವಳು ನನ್ನ ಮುಖ ನೋಡಿದಳು, ಹೊರಗೆ ನೋಡಿದಳು, ಮತ್ತೆ ನನ್ನ ಮುಖ ನೋಡಿದಳು. ಹಿಡಿಕೆ ಹಿಡಿದು ನಿಧಾನಕ್ಕೆ ತಿರುಗಿಸಿದಳು. ಗಾಜು ನಾಲ್ಕು ಬೆರಳಿನಷ್ಟು ಇಳಿಯಿತು. ನದಿಯ ಕಡೆಯಿಂದ ತಂಪು ಗಾಳಿ ಬಂತು. ನಾನು ಜೇಬಿನಲ್ಲಿದ್ದ ಸೂಜಿಯ ಡಬ್ಬಿಯನ್ನು ಮುಟ್ಟಿ ನೋಡಿಕೊಂಡೆ.

"ಇಷ್ಟು ಸಾಕ?" ಎಂದು ಕೇಳಿದಳು.

"ಪೂರಾ ಇಳ್ಸು" ಎಂದೆ. "ಆನು ನೋಡ್ತಾ ಇರ್ತೆ."